ಹಿಸೆ ಪಟ್ಟಿಯಲ್ಲಿ ಇಲ್ಲದ ಪುಸ್ತಕಗಳು

‘ನಿನಗೆ ತುಂಬಾ ಮುಖ್ಯವಾದ ಹತ್ತು ಪುಸ್ತಕ ಹೇಳು’ ಅಂದರೆ ಉತ್ತರ ಕೊಡೋದು ಸುಲಭ. ಓದಿದ್ದು ನಾಲ್ಕು, ಓದಬೇಕು ಅಂದುಕೊಂಡಿದ್ದು ಆರು ಸೇರಿಸಿದರೆ ಪಟ್ಟಿ ರೆಡಿ. ಆದರೆ ಪುಸ್ತಕದ ರಾಶಿ ಕಣ್ಣೆದುರಿಗೇ ಇದ್ದು, ‘ಇಷ್ಟೇ ತಗೊಂಡು ಹೋಗು’ ಅಂದಾಗ ಲೆಕ್ಕವೇ ಬೇರೆ.

1942ರಲ್ಲಿ ಶುರುವಾದ ಬಿಬಿಸಿ ರೇಡಿಯೋದ ‘ಡೆಸರ್ಟ್ ಐಲ್ಯಾಂಡ್ ಡಿಸ್ಕ್ಸ್’ ಕಾರ್ಯಕ್ರಮದಲ್ಲಿ ಅತಿಥಿಗಳಿಗೆ ಇಂಥದ್ದೇ ಪ್ರಶ್ನೆ: ನಡುಗಡ್ಡೆಯಲ್ಲಿ ಒಬ್ಬರೇ ಇರಬೇಕಾಗಿ ಬಂದರೆ ಯಾವ 8 ಧ್ವನಿಮುದ್ರಿಕೆ, ಯಾವ ಒಂದು ಪುಸ್ತಕ ಒಯ್ಯುತ್ತೀರಿ? ನಮಗೆ ನಡುಗಡ್ಡೆ ಬೇಕಾಗಲಿಲ್ಲ. ಸಿದ್ದಾಪುರ ತಾಲೂಕಿನ ನಮ್ಮ ಹಳೇ ಮನೆಯ ಹಿಸೆ ಸಾಕಾಯಿತು.

ಅಪ್ಪಯ್ಯ, ದೊಡ್ಡಪ್ಪ, ಚಿಕ್ಕಪ್ಪ ಮೂವರೂ ಕೂತು ಅಡಿಕೆ ತೋಟ, ಸೊಪ್ಪಿನ ಬೆಟ್ಟ, ತಾಮ್ರದ ಹಂಡೆಯವರೆಗೆ ಎಲ್ಲದರ ಪಟ್ಟಿ ಮಾಡಿದರು. ಅಟ್ಟದ ಮೇಲಿದ್ದ ಅಜ್ಜನ 400ಕ್ಕೂ ಹೆಚ್ಚು ಪುಸ್ತಕ ಮಾತ್ರ ಯಾರ ಪಟ್ಟಿಯಲ್ಲೂ ಇರಲಿಲ್ಲ. ಮಳೆಗಾಲಕ್ಕೆ ಮುಂಚೆ ಮನೆ ಕಳಚುವುದು ಅಂತ ತೀರ್ಮಾನವಾಗಿತ್ತು. ನಮ್ಮ ಕಡೆ ಮಳೆ ಗೊತ್ತಲ್ಲ, ಒಂದು ಜೂನ್ ಸೂರಿಲ್ಲದೆ ಕಳೆದರೆ ಬೂಸ್ಟು, ಗೆದ್ದಲು ಸೇರಿ ಎಲ್ಲ ಮುಗಿಸುತ್ತವೆ. ಬೇಕಾದವರು ಬೇಕಾದ್ದು ಒಯ್ಯಲಿ, ಉಳಿದದ್ದು ಊರಿನ ಶಾಲೆಗೆ ಅಂತಾಯಿತು. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ನನಗಿರೋದು ಮೂರಡಿ ಉದ್ದದ ಒಂದೇ ಶೆಲ್ಫ್. ನನ್ನ ಆಫೀಸಿನ ಪುಸ್ತಕ ಬಿಟ್ಟರೆ ಜಾಗ ಹನ್ನೆರಡಕ್ಕೆ.

ಮೂರು ಪ್ರಶ್ನೆ

ಎಂಜಿನಿಯರ್ ಬುದ್ಧಿ, ಮೊದಲು ನಿಯಮ ಮಾಡಿಕೊಂಡೆ. ಒಂದು, ಇದು ನಾಳೆ ಅಂಗಡಿಯಲ್ಲಿ ಸಿಗುತ್ತದಾ? ಎರಡು, ಇದನ್ನು ಮತ್ತೆ ಓದ್ತೀನಾ? ಮೂರು, ಇದಿಲ್ಲದಿದ್ದರೆ ನಮ್ಮ ಊರಿನ ಬಗ್ಗೆ ನನಗೆ ಏನಾದರೂ ಗೊತ್ತಾಗದೇ ಹೋಗ್ತಿತ್ತಾ?

ಮೊದಲ ಪ್ರಶ್ನೆಗೇ ದೊಡ್ಡ ದೊಡ್ಡ ಹೆಸರು ಕೆಳಗಿಳಿದವು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967), ತೇಜಸ್ವಿಯವರ ‘ಕರ್ವಾಲೊ’ (1980) ಎರಡೂ ಇವತ್ತಿಗೂ ಸಿಗುತ್ತವೆ. ಅವು ಮುಖ್ಯವಲ್ಲ ಅಂತಲ್ಲ. ಆ ಪ್ರತಿ ನನ್ನ ಹತ್ತಿರವೇ ಇರಬೇಕಾಗಿಲ್ಲ, ಅಷ್ಟೇ. ‘ಕರ್ವಾಲೊ’ ಶಾಲೆಯ ಹುಡುಗರಿಗೆ ಸಿಕ್ಕರೆ ಇನ್ನೂ ಒಳ್ಳೆಯದು.

ಮೂರನೇ ಪ್ರಶ್ನೆಗೆ ಗಿರೀಶ ಕಾರ್ನಾಡರ ಆತ್ಮಕಥೆ ‘ಆಡಾಡತಾ ಆಯುಷ್ಯ’ (2011) ಉಳಿಯಿತು. ಅವರ ಬಾಲ್ಯ ಕಳೆದದ್ದು ಶಿರಸಿಯಲ್ಲಿ. ಬಸ್ ಹಿಡಿಯಲು ಮಾತ್ರ ನನಗೆ ಗೊತ್ತಿದ್ದ ಪೇಟೆಯಲ್ಲೇ ಒಬ್ಬ ಹುಡುಗ ನಾಟಕ, ಯಕ್ಷಗಾನ ನೋಡುತ್ತಾ ದೊಡ್ಡವನಾದ ಅಂತ ತಿಳಿದದ್ದು ಅದರಿಂದ. ಶಿರಸಿ ಸೀಮೆಯವರೇ ಆದ ನಾಗೇಶ ಹೆಗಡೆಯವರ ‘ಇರುವುದೊಂದೇ ಭೂಮಿ’ಯೂ ಡಬ್ಬಿ ಸೇರಿತು. 1983ರಲ್ಲಿ ಸಾಲ್ಕಣಿಯ ಜನ ಮರ ತಬ್ಬಿ ನಿಂತ ಅಪ್ಪಿಕೋ ಚಳವಳಿಯ ಊರಿನಿಂದ ಬಂದವನಿಗೆ ಅದು ಬೇಡ ಅನ್ನಿಸೋದು ಹೇಗೆ?

ಅತ್ತೆ ಆರಿಸಿದ್ದು

ಯಲ್ಲಾಪುರದಿಂದ ಬಂದ ಅತ್ತೆ ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿದರು. ತಗೊಂಡದ್ದು ಒಂದೇ, ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’. ಬಾಲವಿಧವೆಯೊಬ್ಬಳ ಬದುಕಿನ ಕಥೆ. ‘ಅದು ಅಂಗಡಿಯಲ್ಲೂ ಸಿಗ್ತದಲ್ಲ ಅತ್ತೆ’ ಅಂದೆ. ‘ನಮ್ಮನೆಯಲ್ಲೂ ಒಬ್ಬರು ತಲೆ ಬೋಳಿಸಿಕೊಂಡು ಅಡುಗೆಮನೆಯಲ್ಲೇ ಆಯುಷ್ಯ ಕಳೆದ್ರು. ಅವರ ಫೋಟೋನೂ ಇಲ್ಲ. ಅಪ್ಪಯ್ಯ ಈ ಪುಸ್ತಕ ತಂದು ನನ್ನ ಕೈಗೆ ಕೊಟ್ಟು, ಅವರ ಬಗ್ಗೆ ಮೊದಲ ಸಲ ಮಾತಾಡಿದ್ರು’ ಅಂದರು. ನನ್ನ ಮೂರು ಪ್ರಶ್ನೆಯಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ನಾಲ್ಕನೆಯದು ಸೇರಿಸಿದೆ: ಈ ಪ್ರತಿಯನ್ನು ಯಾರು, ಯಾರಿಗೆ, ಯಾಕೆ ಕೊಟ್ಟರು?

ಕೊನೆಗೆ ಒಂದೇ ಪುಸ್ತಕಕ್ಕೆ ಇಬ್ಬರು ಕೈ ಹಾಕಿದೆವು, ನಾನು ಮತ್ತು ಅಪ್ಪಯ್ಯ. ರಟ್ಟು ಕಿತ್ತುಹೋದ ‘ಕೃಷ್ಣ ಸಂಧಾನ’ ಪ್ರಸಂಗದ ಪುಸ್ತಕ. ಅಜ್ಜ ತಾಳಮದ್ದಳೆಯಲ್ಲಿ ಅರ್ಥ ಹೇಳ್ತಿದ್ದರು. ಪದ್ಯಗಳ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ, ಕೃಷ್ಣ ಇಲ್ಲಿ ಏನು ಹೇಳಬೇಕು, ಕೌರವ ಹೀಗಂದರೆ ಉತ್ತರ ಏನು ಅಂತೆಲ್ಲ ಬರೆದಿಟ್ಟಿದ್ದರು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಮಾತೇ ಎಲ್ಲ. ಆ ಮಾತಿಗೆ ರೆಕಾರ್ಡಿಂಗ್ ಕೂಡ ಇಲ್ಲ. ಅಜ್ಜನ ದನಿಯಲ್ಲಿ ಉಳಿದಿರೋದು ಆ ಪೆನ್ಸಿಲ್ ಗೆರೆಗಳಷ್ಟೇ.

ಎರಡು ದಿನ ಕೂತು ಫೋನಿನಲ್ಲೇ ಒಂದೊಂದೇ ಪುಟ ಸ್ಕ್ಯಾನ್ ಮಾಡಿದೆ. ಮಾಸಿದ ಅಕ್ಷರವನ್ನು ಅಪ್ಪಯ್ಯ ಓದಿ ಹೇಳಿದರು, ನಾನು ಟೈಪ್ ಮಾಡಿಕೊಂಡೆ. ‘ಪುಸ್ತಕ ನಿಮ್ಮ ಹತ್ತಿರವೇ ಇರಲಿ’ ಅಂದಾಗ ಅವರು ಹೇಳಿದ್ದು ಒಂದೇ ಮಾತು, ‘ಅಡ್ಡಿಲ್ಲೆ.’

ಈ ಸಲ ಊರಿಗೆ ಹೋದರೆ ನೀವೂ ಅಟ್ಟ ಹತ್ತಿ ನೋಡಿ. ಮೊದಲ ಪುಟದ ಹೆಸರು, ತಾರೀಕು, ಅಂಚಿನಲ್ಲಿ ಬರೆದದ್ದು, ಎಲ್ಲದರ ಫೋಟೋ ತೆಗೆಯಿರಿ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನಿಮ್ಮ ಪಟ್ಟಿಗಿಂತ ಮೊದಲು ಅವರ ಪಟ್ಟಿ ಕೇಳಿ. ಅದೂ ಮಳೆ ಹಿಡಿಯುವ ಮುಂಚೆಯೇ.