ಕೊಡಚಾದ್ರಿಗೆ ಮೂರು ದಿನ

“ಗುಡ್ಡ ಹತ್ತೂದಾ? ನಮ್ಮಂಥವರಿಂದ ಎಲ್ಲಿ ಆಗ್ತದ್ರೀ!” ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆಯ ಹೆಣ್ಣುಮಕ್ಕಳ ಮುಂದೆ ಚಾರಣದ ಮಾತೆತ್ತಿದರೆ ಮೊದಲು ಬರುವ ಉತ್ತರ ಇದೇ. ಮೆಣಸಿನಕಾಯಿ ಹೊಲದಲ್ಲಿ ದಿನವಿಡೀ ದುಡಿಯುವ, ಸಂತೆಯಿಂದ ಭಾರದ ಚೀಲ ಹೊತ್ತು ತರುವ ಮೈಗೆ ಶಕ್ತಿಯ ಕೊರತೆಯೇ? ಕೊರತೆ ಇರುವುದು ಬಿಡುವಿಗೆ. ಮಕ್ಕಳ ಪರೀಕ್ಷೆ, ಅತ್ತೆಯ ಔಷಧ, ಹಬ್ಬ, ಹುಣ್ಣಿಮೆ... ಒಂದಿಲ್ಲೊಂದು ಇದ್ದೇ ಇರುತ್ತದೆ. ಹೀಗೇ ಮುಂದೂಡುತ್ತ ಹೋದರೆ ಮೊಣಕಾಲು ನಮಗಾಗಿ ಕಾಯುವುದಿಲ್ಲ!

ಹೊಸಬರಿಗೆ ಹಿಮಾಲಯವೇ ಬೇಕೆಂದಿಲ್ಲ. ಪಕ್ಕದ ಶಿವಮೊಗ್ಗ ಜಿಲ್ಲೆಯ ಕೊಡಚಾದ್ರಿ ಸಾಕು. ಎತ್ತರ 1,343 ಮೀಟರ್. ಮೇಲಿನವರೆಗೆ ಜೀಪಿನ ದಾರಿಯೂ ಇರುವುದರಿಂದ ಯಾರಾದರೂ ದಣಿದರೆ ಗಾಬರಿಯಿಲ್ಲ.

ಮೊದಲ ದಿನ ಹೊಸನಗರ ತಾಲೂಕಿನ ನಗರದ ಕೋಟೆ ನೋಡಿ, ನಿಟ್ಟೂರಿನ ಕಡೆ ತಂಗಿ. ಎರಡನೆಯ ದಿನ ಹಿಡ್ಲುಮನೆ ಜಲಪಾತದ ದಾರಿಯಲ್ಲಿ ಹತ್ತಿ. ಏರು ಕಡಿದಾಗಿದೆ, ಮಾತಾಡಲು ಉಸಿರು ಉಳಿಯುವಷ್ಟು ನಿಧಾನ ನಡೆಯಿರಿ. ಮೇಲೆ ಮೂಲ ಮೂಕಾಂಬಿಕೆಯ ಗುಡಿ, ಅದರ ಮುಂದೆ ಎತ್ತರದ ಕಬ್ಬಿಣದ ಕಂಬ, ಇನ್ನೂ ಮುಂದೆ ಗಣಪತಿ ಗುಹೆ, ತುದಿಯಲ್ಲಿ ಶಂಕರಾಚಾರ್ಯರ ಹೆಸರಿನ ಸರ್ವಜ್ಞಪೀಠ. ಮೂರನೆಯ ದಿನ ಇಳಿದು ಕೊಲ್ಲೂರಿನ ದರ್ಶನ ಮಾಡಿ ಮನೆಗೆ.

ಸಿದ್ಧತೆ ಒಂದು ತಿಂಗಳು ಮೊದಲೇ ಆರಂಭಿಸಿ. ದಿನಕ್ಕೆ ಅರ್ಧ ಗಂಟೆ ಬಿರುಸು ನಡಿಗೆ, ವಾರಕ್ಕೊಮ್ಮೆ ಹೆಗಲಿಗೆ ಚೀಲ ಹಾಕಿಕೊಂಡು ದೇವರಗುಡ್ಡ ಹತ್ತಿ ಇಳಿದರೆ ಮಾಲತೇಶನ ದರ್ಶನವೂ ಆಯಿತು, ಕಾಲಿಗೆ ರೂಢಿಯೂ ಆಯಿತು. ಹೊಸ ಬೂಟು ಹೊರಡುವ ದಿನ ಹಾಕಬೇಡಿ, ಬೊಬ್ಬೆ ಏಳುತ್ತದೆ. ಬಿ.ಪಿ., ಸಕ್ಕರೆ ಕಾಯಿಲೆ ಇದ್ದವರು ಡಾಕ್ಟರನ್ನು ಕೇಳಿಯೇ ಹೊರಡಿ. ಮುಟ್ಟಿನ ದಿನವಾದರೂ ನಡೆಯಲು ಅಡ್ಡಿಯಿಲ್ಲ. ಬಳಸಿದ್ದನ್ನು ಮಾತ್ರ ಕಾಡಿನಲ್ಲಿ ಎಸೆಯದೆ ಚೀಲದಲ್ಲಿ ವಾಪಸು ತನ್ನಿ.

ಮಳೆಗಾಲ ಬೇಡ. ದಾರಿ ಜಾರುತ್ತದೆ, ಇಂಬಳದ ಕಾಟ ಬೇರೆ. ನವೆಂಬರಿನ ತಂಪು ಒಳ್ಳೆಯದು. ಅರಣ್ಯ ಇಲಾಖೆಯ ಅನುಮತಿ, ತಂಗುವ ಜಾಗ, ದಾರಿ ಬಲ್ಲ ಊರಿನವರೊಬ್ಬರು, ಈ ಮೂರನ್ನೂ ಮೊದಲೇ ಗಟ್ಟಿ ಮಾಡಿಕೊಳ್ಳಿ.

ಒಂದು ಮಾತು ಮರೆಯಬಾರದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಮಲೆನಾಡಿನಲ್ಲಿ ಈಗಲೂ ಇದೆ. ಚಳಿಗಾಲದಿಂದ ಬೇಸಿಗೆಯವರೆಗೆ ಹೆಚ್ಚು. ಹರಡುವುದು ಉಣ್ಣಿಯಿಂದ. ತುಂಬುತೋಳಿನ ಬಟ್ಟೆ, ಕಾಲುಚೀಲ ಹಾಕಿ. ಉಣ್ಣಿ ತಡೆಯುವ ಎಣ್ಣೆ ಹಚ್ಚಿ. ತರಗೆಲೆಯ ಮೇಲೆ ಕೂರಬೇಡಿ. ಸತ್ತ ಮಂಗನ ಹತ್ತಿರ ಸುಳಿಯಬೇಡಿ. ಸಂಜೆ ಬಿಸಿನೀರಿನ ಸ್ನಾನ ಮಾಡಿ, ಮೈ ಪೂರ್ತಿ ನೋಡಿಕೊಳ್ಳಿ. ಊರಿಗೆ ಬಂದ ಎರಡು ವಾರದೊಳಗೆ ಜ್ವರ, ತಲೆನೋವು ಬಂದರೆ “ಕಾಡಿಗೆ ಹೋಗಿದ್ದೆ” ಎಂದು ಡಾಕ್ಟರಿಗೆ ತಪ್ಪದೆ ಹೇಳಿ.

ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಗಿಂತ ಬೇರೆ ಬೇಕೇ? ಒಂದು ಬಟ್ಟಲು ಹುರಿದ ಶೇಂಗಾ ಸಿಪ್ಪೆ ತೆಗೆದು, ಹುರಿದ ಐದಾರು ಬ್ಯಾಡಗಿ ಮೆಣಸಿನಕಾಯಿ, ನಾಲ್ಕೆಸಳು ಬೆಳ್ಳುಳ್ಳಿ, ಜೀರಿಗೆ, ಉಪ್ಪು ಸೇರಿಸಿ ತರಿತರಿಯಾಗಿ ಕುಟ್ಟಿ. ನೀರು ತಾಗದಿದ್ದರೆ ಮೂರು ದಿನ ಕೆಡದು. ಜೊತೆಗೆ ಬೆಲ್ಲದ ಚೂರು, ನಿಂಬೆಹಣ್ಣು.

ಇನ್ನು ಮನೆಯ ಚಿಂತೆ. ಮೂರು ದಿನದ ಸಾರಿನಪುಡಿ ಡಬ್ಬಿಯಲ್ಲಿದೆ, ಔಷಧದ ಚೀಟಿ ಗೋಡೆಗೆ ಅಂಟಿಸಿದೆ ಎಂದಮೇಲೆ ಯಜಮಾನರು ಅಡುಗೆಮನೆಯ ಈ ಸಣ್ಣ ಗುಡ್ಡ ಹತ್ತಲಾರರೇ? ಗೆಳತಿಯರು ನಾಲ್ಕು ಜನ ಸೇರಿ ಇಂದೇ ತಾರೀಖು ಗೊತ್ತುಮಾಡಿ!