21 ಗೇರು ಎಂಬ ಲೆಕ್ಕ

ಗೇರ್ ಸೈಕಲ್ ಕೊಳ್ಳಲು ಹೋದವರು ಮೊದಲು ಕೇಳುವುದು ‘ಎಷ್ಟು ಗೇರಿನದು?’ ಎಂದು. 21 ಎಂದರೆ ಸಮಾಧಾನ. ಮುಂದಿನ ಮೂರು ಚೈನ್‌ವೀಲ್‌ಗಳ ಬದಲು ಒಂದನ್ನೇ ಹಾಕಿಸಿಕೊಂಡವನು ಇದ್ದ ಗೇರನ್ನೂ ಕಳೆದುಕೊಂಡ ಎಂದೇ ನಂಬಿಕೆ. ಲೆಕ್ಕ ಹಾಕಿ ನೋಡಿದರೆ ಇದು ನಿಲ್ಲುವುದಿಲ್ಲ. ಅಗ್ಗದ ಮೌಂಟನ್ ಬೈಕುಗಳಲ್ಲಿ ಮುಂದೆ 42, 34, 24 ಹಲ್ಲು, ಹಿಂದೆ 14ರಿಂದ 28 ಹಲ್ಲಿನವರೆಗಿನ ಏಳು ಬಿಲ್ಲೆಗಳ ಫ್ರೀವೀಲ್ ಇರುವುದು ಸಾಮಾನ್ಯ. ಮುಂದಿನ ಹಲ್ಲನ್ನು ಹಿಂದಿನದರಿಂದ ಭಾಗಿಸಿದರೆ, ಪೆಡಲ್ ಒಂದು ಸುತ್ತು ತಿರುಗಿದಾಗ ಹಿಂದಿನ ಗಾಲಿ ಎಷ್ಟು ತಿರುಗುತ್ತದೆಂದು ಗೊತ್ತಾಗುತ್ತದೆ. 24ಕ್ಕೆ 14 ಹಾಕಿದರೆ 1.71, 34ಕ್ಕೆ 20 ಹಾಕಿದರೆ 1.70, 42ಕ್ಕೆ 24 ಹಾಕಿದರೆ 1.75. ಹೆಸರಿಗೆ ಮೂರು ಗೇರು, ಕಾಲಿಗೆ ಒಂದೇ. ಇಂಥ ಪುನರಾವರ್ತನೆಗಳನ್ನು ಬದಿಗಿಟ್ಟರೆ ಉಳಿಯುವುದು 0.86ರಿಂದ 3ರವರೆಗೆ, ಅಂದರೆ ಮೂರೂವರೆ ಪಟ್ಟು ವ್ಯಾಪ್ತಿ. ಮುಂದೆ 32 ಹಲ್ಲಿನ ಒಂದೇ ಚಕ್ರ, ಹಿಂದೆ ಶಿಮಾನೊ ಡಿಯೋರ್‌ನ 11–51 ಹಲ್ಲಿನ ಹನ್ನೊಂದು ಬಿಲ್ಲೆಯ ಕ್ಯಾಸೆಟ್ ಹಾಕಿದರೆ 0.63ರಿಂದ 2.91, ಅಂದರೆ ನಾಲ್ಕೂವರೆ ಪಟ್ಟಿಗೂ ಮಿಕ್ಕಿ. ಗೇರಿನ ಸಂಖ್ಯೆ ಅರ್ಧಕ್ಕಿಳಿಯಿತು, ವ್ಯಾಪ್ತಿ ಹಿಗ್ಗಿತು.

ಗೇರಿನಿಂದ ಗೇರಿಗೆ ದೊಡ್ಡ ನೆಗೆತ ಬೀಳುತ್ತದೆ ಎನ್ನುವವರಿದ್ದಾರೆ. ಹಳೆಯ ಫ್ರೀವೀಲ್‌ನಲ್ಲಿ 24ರಿಂದ 28ಕ್ಕೆ ಹೋಗುವಾಗಲೂ ಸುಮಾರು ಶೇ. 17ರ ನೆಗೆತವಿದೆ, ಈ ಕ್ಯಾಸೆಟ್‌ನಲ್ಲಿ 28ರಿಂದ 33ಕ್ಕೆ ಶೇ. 18. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ವೇಗದ್ದು. ಮುಂದೆ 42–32–22, ಹಿಂದೆ 11–32 ಇರುವ ಒಳ್ಳೆಯ ಸೈಕಲ್ಲಿನ ವ್ಯಾಪ್ತಿ ಐದೂವರೆ ಪಟ್ಟು. ಅದನ್ನು ಬದಲಿಸಿದರೆ ಮೇಲಿನ ತುದಿಯಲ್ಲಿ ನಷ್ಟವಾಗುವುದು ನಿಜ. ಆದರೆ 29 ಇಂಚಿನ ಗಾಲಿಯಲ್ಲಿ, ನಿಮಿಷಕ್ಕೆ 90 ಸುತ್ತು ತುಳಿದರೆ, 32ಕ್ಕೆ 11ರ ಗೇರು ಗಂಟೆಗೆ ಸುಮಾರು 36 ಕಿ.ಮೀ. ಓಡಿಸುತ್ತದೆ. ಹುಮನಾಬಾದ್ ಮೂಲಕ ಹಾಯುವ ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ, ಬೆನ್ನಿಗೆ ಗಾಳಿಯಿರುವಾಗ ಅದಕ್ಕಿಂತ ಜೋರಾಗಿ ತುಳಿಯಬೇಕೆನ್ನುವವರಿಗೆ ಮಾತ್ರ ಇದು ಕೊರತೆ. ಅವರಿಗೆ ಹಳೆಯದೇ ಲೇಸು.

ಇನ್ನು ‘ಘಾಟಿಯೇ ಇಲ್ಲದ ಬಸವಕಲ್ಯಾಣ–ಹುಮನಾಬಾದ್ ಸೀಮೆಗೆ ಅಷ್ಟು ಹಗುರ ಗೇರು ಯಾಕೆ?’ ಎಂಬ ಪ್ರಶ್ನೆ. ಹಗುರ ಗೇರು ಬೇಕಾಗುವುದು ಗುಡ್ಡಕ್ಕಷ್ಟೇ ಅಲ್ಲ. ಜಂಬಿಟ್ಟಿಗೆಯ ಸಡಿಲ ಗರಸಿನ ಗಿಡ್ಡ ಏರು, ಎದುರುಗಾಳಿ, ಹೊಲದ ದಾರಿಯ ಮೆತ್ತನೆ ನೆಲ, ಬೆನ್ನ ಮೇಲಿನ ಚೀಲ, ಎಲ್ಲವೂ ಕಾಲನ್ನೇ ಕೇಳುತ್ತವೆ. ಆದರೆ ಒಂದೇ ಚಕ್ರವಾದರೆ ಕೆಸರಿನ ಕಾಟ ತಪ್ಪುತ್ತದೆ ಎಂಬ ಮಾತು ಅರ್ಧ ಮಾತ್ರ ಸರಿ. ಚೈನನ್ನು ಚಕ್ರದಿಂದ ಚಕ್ರಕ್ಕೆ ದಾಟಿಸುವ ಮುಂದಿನ ಡಿರೇಲರ್ ಇಲ್ಲದಿದ್ದರೆ ಮಣ್ಣು ಕಚ್ಚಿಕೊಳ್ಳುವ ಒಂದು ಜಾಗ ಕಡಿಮೆಯಾಗುತ್ತದೆ, ಅಷ್ಟೆ. ಹಸಿ ಎರೆಮಣ್ಣು ಟೈರಿಗೂ ಫ್ರೇಮಿಗೂ ನಡುವೆ ಮೆತ್ತಿಕೊಂಡು ಗಾಲಿಯನ್ನೇ ನಿಲ್ಲಿಸಿದಾಗ ಯಾವ ಗೇರೂ ಉಪಯೋಗಕ್ಕೆ ಬಾರದು. ಇಳಿದು ಕಡ್ಡಿಯಿಂದ ಕೆರೆಯಲೇಬೇಕು.

ಎಲ್ಲಕ್ಕಿಂತ ದುಬಾರಿಯಾಗುವ ತಪ್ಪು ಕಲ್ಪನೆಯೆಂದರೆ, ಮುಂದಿನ ಎರಡು ಚಕ್ರ ಬಿಚ್ಚಿದರೆ ಕೆಲಸ ಮುಗಿಯಿತು ಎಂಬುದು. ಮೂರರ ಜೋಡಿಯಲ್ಲಿರುವ ಚಕ್ರದ ಹಲ್ಲುಗಳನ್ನು, ಚೈನು ಸಲೀಸಾಗಿ ಪಕ್ಕದ ಚಕ್ರಕ್ಕೆ ಹಾರಲೆಂದೇ ಗಿಡ್ಡವಾಗಿ, ಅಲ್ಲಲ್ಲಿ ಕೊರೆದು ಮಾಡಿರುತ್ತಾರೆ. ಒಂಟಿಯಾಗಿ ಬಿಟ್ಟರೆ ಅದೇ ಗುಣ ಚೈನನ್ನು ಕೆಳಗೆ ಬೀಳಿಸುತ್ತದೆ. 2012ರಲ್ಲಿ ಸ್ರ್ಯಾಮ್ ಕಂಪನಿ ಮುಂದೆ ಒಂದೇ ಚಕ್ರದ ಎಕ್ಸ್‌ಎಕ್ಸ್1 ಗೇರು ಜೋಡಣೆ ತಂದಾಗ ಪರಿಹಾರ ಕಂಡದ್ದು ಇಲ್ಲೇ: ಚೈನಿನ ಕೊಂಡಿಗಳು ಒಂದು ಕಿರಿದು, ಒಂದು ಅಗಲ, ಅದಕ್ಕೆ ಹೊಂದುವಂತೆ ಹಲ್ಲೂ ಒಂದು ತೆಳು, ಒಂದು ದಪ್ಪ. ಜೊತೆಗೆ ಹಿಂದಿನ ಡಿರೇಲರ್‌ನಲ್ಲಿ ಚೈನು ಕುಣಿಯದಂತೆ ಹಿಡಿದಿಡುವ ಕ್ಲಚ್ಚು. ಇವೆರಡೂ ಇಲ್ಲದೆ ಕಲ್ಲುದಾರಿಗಿಳಿಯುವುದು ವ್ಯರ್ಥ.

ವ್ಯಾಪ್ತಿಯನ್ನು ಕೊಡುವುದು ಹಿಂದಿನ ಗಾಲಿ, ಖರ್ಚೂ ಅಲ್ಲಿಯೇ. ಅಗ್ಗದ ಸೈಕಲ್ಲಿನ ಹಬ್ಬಿಗೆ ಫ್ರೀವೀಲನ್ನು ತಿರುಪಿನಂತೆ ತಿರುಗಿಸಿ ಕೂರಿಸಿರುತ್ತಾರೆ; ಕ್ಯಾಸೆಟ್ ಅದಕ್ಕೆ ಕೂರುವುದಿಲ್ಲ. ಹಾಗಾಗಿ ಹಬ್ಬು ಅಥವಾ ಇಡೀ ಗಾಲಿ, ಕ್ಯಾಸೆಟ್, ಹಿಂದಿನ ಡಿರೇಲರ್, ಶಿಫ್ಟರ್, ತೆಳುವಾದ ಚೈನು, ಎಲ್ಲವೂ ಹೊಸದಾಗಬೇಕು. ಅಗ್ಗದ ಸೈಕಲ್ಲಿಗೆ ಈ ಖರ್ಚು ಅದರ ಬೆಲೆಯನ್ನೇ ಮೀರಬಹುದು. ಅಂಥ ಸೈಕಲ್ಲಿರುವವರು 14–34 ಹಲ್ಲಿನ ಏಳು ಬಿಲ್ಲೆಯ ಫ್ರೀವೀಲ್ ಹಾಕಿಸಿ, ಮುಂದಿನ ಮೂರನ್ನೂ ಹಾಗೆಯೇ ಬಿಟ್ಟರೆ 24ಕ್ಕೆ 34ರ ಗೇರು 0.71 ಕೊಡುತ್ತದೆ. ಅದಕ್ಕೂ, ಹಿಂದಿನ ಡಿರೇಲರ್ 34 ಹಲ್ಲನ್ನು ತಡೆದುಕೊಳ್ಳುತ್ತದೋ ಎಂದು ಮೊದಲೇ ನೋಡಿಕೊಳ್ಳಬೇಕು, ಚೈನಿಗೆ ಎರಡು ಕೊಂಡಿ ಹೆಚ್ಚು ಬೇಕಾದೀತು.