ಒಳದನಿಗೆ ಮಾತು ಕಲಿಸಿದವರು ಯಾರು?

ಲೆಕ್ಕ ತಪ್ಪಿದಾಗ 'ನನ್ನ ತಲೆಗೆ ಇಷ್ಟೇ' ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತೇವೆ. ಪಕ್ಕದವರು ತಪ್ಪಿದಾಗ ಅದೇ ದನಿ ಅವರ ಮೇಲೂ ತೀರ್ಪು ಕೊಡುತ್ತದೆ. ದಿನವಿಡೀ ಹೀಗೆ ನ್ಯಾಯ ಹೇಳುವ ಈ ಒಳದನಿ ಎಲ್ಲಿಂದ ಬಂತು?

ಹೊರಮಾತು ಒಳಮಾತಾಗುವ ಬಗೆ

ಸೋವಿಯತ್ ಮನೋವಿಜ್ಞಾನಿ ಲೆವ್ ವೈಗೋಟ್‌ಸ್ಕಿಯವರ ವಿವರಣೆ 1934ರಲ್ಲಿ ಪ್ರಕಟವಾಯಿತು. ಅದರಂತೆ ಮಾತು ಮೂರು ಹಂತಗಳಲ್ಲಿ ಒಳಗಿಳಿಯುತ್ತದೆ. ಇದನ್ನು ತಿಳಿಯಲು ಸೊರಬದ ಗುಡಿಗಾರರ ಮನೆಯೊಂದನ್ನು ಊಹಿಸಿಕೊಳ್ಳಿ. ಗಂಧದ ಕೆತ್ತನೆ ಅಲ್ಲಿ ತಲೆಮಾರುಗಳಿಂದ ಬಂದ ಕಸುಬು. ಉಳಿ ಹಿಡಿದ ಮಗುವಿಗೆ 'ನಿಧಾನ, ಎಳೆ ನೋಡಿ ಹೊಡಿ' ಎಂದು ತಂದೆ ಹೇಳುತ್ತಾರೆ. ಕೆಲವು ದಿನಗಳಲ್ಲಿ ಮಗುವೇ ಅದನ್ನು ಗೊಣಗಿಕೊಳ್ಳುತ್ತದೆ. ಕೊನೆಗೆ ತುಟಿ ಅಲುಗುವುದಿಲ್ಲ. ಮಾತು ಮನಸ್ಸಿನಲ್ಲೇ ನಡೆಯುತ್ತದೆ. ಮೌನವಾಗಿ ಮಾತಾಡಿಕೊಳ್ಳುವಾಗಲೂ ಮಿದುಳಿನ ಬ್ರೋಕಾ ಪ್ರದೇಶ, ಅಂದರೆ ಮಾತಿಗೆ ಸಂಬಂಧಿಸಿದ ಭಾಗ, ಚುರುಕಾಗಿರುವುದು ಮಿದುಳಿನ ಚಿತ್ರಣಗಳಲ್ಲಿ ಕಂಡಿದೆ.

ಬುದ್ಧಿಮಾತು ಒಳಗಿಳಿಯುವ ದಾರಿಯಲ್ಲೇ ಬೈಗುಳವೂ ತಮಾಷೆಯೂ ಇಳಿಯುತ್ತವೆ.

ನಗುವಿನಲ್ಲೂ ಬಗೆಗಳುಂಟು

ಕೆನಡಾದ ರಾಡ್ ಮಾರ್ಟಿನ್ ಮತ್ತು ಸಂಗಡಿಗರು 2003ರಲ್ಲಿ ಹಾಸ್ಯವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಇತರರೊಡನೆ ಬೆಸೆಯುವುದು, ಕಷ್ಟದಲ್ಲಿ ತನ್ನನ್ನು ತಾನೇ ಹಗುರಾಗಿಸಿಕೊಳ್ಳುವುದು, ಇತರರನ್ನು ಚುಚ್ಚುವುದು ಮತ್ತು ತನ್ನನ್ನೇ ಹೀಗಳೆದುಕೊಳ್ಳುವುದು. ಕೊನೆಯ ಬಗೆ ಹೆಚ್ಚಾಗಿರುವವರಲ್ಲಿ ಖಿನ್ನತೆ ಮತ್ತು ಆತಂಕ ಹೆಚ್ಚಾಗಿ ಕಾಣುತ್ತವೆ.

ಶಿಕಾರಿಪುರದ ಕಡೆಯ ಒಂದು ಮನೆಯಲ್ಲಿ ಮಗು ಹಾಲು ಚೆಲ್ಲಿತೆನ್ನೋಣ. 'ಭಾರೀ ಘನಕಾರ್ಯ ಮಾಡಿದೆ ನೋಡು! ನಿನ್ನಂಥ ಜಾಣ ಊರಲ್ಲೇ ಇಲ್ಲ' ಎನ್ನುವುದು ಒಂದು ತಮಾಷೆ. 'ಹಾಲಿಗೂ ನೆಲ ನೋಡೋ ಆಸೆ ಆಯ್ತೇನೋ! ಬಾ ಮಗಾ, ಒರೆಸೋಣ' ಎನ್ನುವುದು ಇನ್ನೊಂದು. ಎರಡರಲ್ಲೂ ನಗುವಿದೆ. ಮೊದಲನೆಯದು ಮಗುವಿನ ಮೇಲೆ ನಗುತ್ತದೆ. ಎರಡನೆಯದು ನಡೆದ ಸಂಗತಿಯ ಬಗ್ಗೆ ನಕ್ಕು, ತಿದ್ದುವ ದಾರಿಯನ್ನೂ ತೋರಿಸುತ್ತದೆ.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ವ್ಯಂಗ್ಯದ ತಿರುಗುಮುರುಗು ಅರ್ಥ ಮಕ್ಕಳಿಗೆ ತಿಳಿಯತೊಡಗುವುದು ಸುಮಾರು 5-6ನೆಯ ವಯಸ್ಸಿನಲ್ಲಿ. ಅದರಲ್ಲಿರುವ ಹಾಸ್ಯ ಹಿಡಿಸಲು ಇನ್ನೂ ಕೆಲವು ವರ್ಷ ಬೇಕು. ಆದ್ದರಿಂದ 'ತಮಾಷೆಗೆ ಅಂದೆ' ಎಂದು ಹಿರಿಯರು ಮರೆತ ಮಾತು ಮಗುವಿನಲ್ಲಿ ತೀರ್ಪಾಗಿ ಉಳಿಯಬಹುದು. ಮುಂದೆ ತರಗತಿಯಲ್ಲಿ ಉತ್ತರ ಗೊತ್ತಿದ್ದರೂ ಕೈ ಎತ್ತದ ಮಗುವನ್ನು ತಡೆಯುವುದು ಇಂಥದೇ ಒಂದು ಒಳಮಾತಾಗಿರಬಹುದು. ಗೆಳೆಯರನ್ನು ಹೀಯಾಳಿಸುವ ಮಗುವೂ ಮನೆಯಲ್ಲಿ ಕಲಿತ ಅಳತೆಗೋಲನ್ನೇ ಬಳಸುತ್ತಿರಬಹುದು.

ಹಾಗೆಂದು ಎಲ್ಲಕ್ಕೂ ತಂದೆತಾಯಿಯರೇ ಕಾರಣರಲ್ಲ. ಹುಟ್ಟುಗುಣ, ಒಡಹುಟ್ಟಿದವರು, ಗೆಳೆಯರು, ಶಿಕ್ಷಕರು ಎಲ್ಲರ ಪಾಲೂ ಇದರಲ್ಲಿದೆ. ಒಂದೇ ಮನೆಯ ಇಬ್ಬರು ಮಕ್ಕಳ ಒಳದನಿ ಒಂದೇ ಆಗಿರುವುದಿಲ್ಲ.

ತಿದ್ದಬಹುದೇ?

ತಿದ್ದಬಹುದು. ಅಮೆರಿಕದ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಅರಿವಿನ ಚಿಕಿತ್ಸೆಯಲ್ಲಿ, ಮನಸ್ಸಿಗೆ ಬಂದ ತೀರ್ಪನ್ನು ಒಂದು ಊಹೆಯೆಂದು ತಿಳಿದು ಪುರಾವೆ ಕೇಳಲಾಗುತ್ತದೆ. ಇದು ವಿಜ್ಞಾನದ ವಿಧಾನವೇ ಅಲ್ಲವೇ? ಶಿಕ್ಷಕರು ತರಗತಿಯಲ್ಲಿ ಇದನ್ನು ಮಾಡಿಸಬಹುದು. ಹಾಳೆಯಲ್ಲಿ ಮೂರು ಕಲಂ ಎಳೆಯಿರಿ: ನಡೆದದ್ದೇನು? ಒಳದನಿ ಏನೆಂದಿತು? ಅದಕ್ಕೆ ಪುರಾವೆ ಏನು? 'ನನಗೆ ಗಣಿತ ಬರುವುದಿಲ್ಲ' ಎಂಬುದು ಹಲವು ವೇಳೆ 'ಈ ಲೆಕ್ಕದ ಎರಡನೆಯ ಹಂತ ತಪ್ಪಿದೆ' ಎಂದಾಗುತ್ತದೆ. ಬರೆದದ್ದನ್ನು ಎಲ್ಲರೆದುರು ಓದಿಸಬೇಡಿ.

ಬೇಸರ ಎರಡು ವಾರ ಮೀರಿ ಉಳಿದರೆ ವೈದ್ಯರನ್ನು ಕಾಣಬೇಕು. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಇಂದು ತರಗತಿಯಲ್ಲಿ ನಾವು ನಗುತ್ತಾ ಆಡುವ ಮಾತು ನಾಳೆ ಯಾವುದೋ ಮಗುವಿನ ಒಳದನಿಯಾದೀತು. ನಗು ಇರಲಿ, ಅದು ತಪ್ಪಿನ ಮೇಲಿರಲಿ, ಮಗುವಿನ ಮೇಲೆ ಬೇಡ.